ತಾಯಿರುವೆಯ ಲಕ್ಷಣ

ಸ್ಮರಣ ಸಂಚಿಕೆಗೆ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ಹಲವು ವರ್ಷಗಳಿಂದ ಅದನ್ನೇ ಬರೆಯುತ್ತ ಬಂದಿರುವ ನನ್ನ ಮನಸ್ಸಿನಲ್ಲಿ ಈ ಸಲ ಬೇರೊಂದು ವಿಷಯ ಮನೆಮಾಡಿದೆ. ಅದು ಇರುವೆಯ ವಿಷಯ. ಕನ್ನಡ ಪಂಡಿತನಿಗೆ ಇರುವೆಯ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಬಹುದು. ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಆ ತಪ್ಪು ಲಕ್ಷಣಶಾಸ್ತ್ರಕ್ಕೆ ಸೇರಿದ್ದಾದುದರಿಂದ ನನ್ನ ಅಧಿಕಾರದ ಎಲ್ಲೆಯನ್ನು ಮೀರಿದ್ದೇನೆಂದು ಯಾರೂ ಭಾವಿಸಲಾರರೆಂಬ ನಂಬಿಕೆ ನನಗಿದೆ.

ಹೋದ ವರ್ಷ, ನಮ್ಮ ರೈತರು ಮಿರಗ ಎಂದು ಕರೆಯುವ ಮೃಗಶಿರಾ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಎಂಟನೆಯ ತರಗತಿಯ ಒಬ್ಬ ಹುಡುಗನು ಸೀಸೆಯೊಂದನ್ನು ಹಿಡಿದು ನನ್ನ ಬಳಿಗೆ ಬಂದನು. ಯಲಬುರ್ಗಾ ಸೀಮೆಯ ಒಕ್ಕಲು ಮನೆತನದ ಹುಡುಗ, ಪ್ರಸಾದನಿಲಯದಲ್ಲಿದ್ದು ಓದುತ್ತಿರುವವನು. “ಗುರುಗಳ, ರಾಣಿ ಇರಿವಿ ಸಿಕ್ಕೈತ್ರಿ. ಇದನ್ನ ಸಾಕಿ ಗೂಡ ಮಾಡಸ್ತೀನ್ರಿ” ಎಂದನು. ನಾನು ಕನ್ನಡಕವನ್ನು ಸರಿಪಡಿಸಿಕೊಳ್ಳುವಷ್ಟು ವ್ಯವಧಾನವನ್ನೂ ತೋರದೆ, “ಇದು ಗೊದ್ದ, ತಮ್ಮಾ. ದೊಡ್ಡದಿದ್ದ ಮಾತ್ರಕ್ಕೆ ರಾಣಿಯಾಗುತ್ತದೆಯೇ? ಹೊರಗೆ ಬಿಟ್ಟುಬಂದು ಪಾಠ ಬರೆ” ಎಂದೆ. ಅವನು ಎದುರಾಡಲಿಲ್ಲ. ಅಂಗಳದ ಹಾಸುಗಲ್ಲಿನ ಮೇಲೆ ಅದನ್ನು ಸುರುವಿದನು. ಎಲ್ಲಿಂದಲೋ ಬಂದ ಗೊರವಂಕವೊಂದು ಅದನ್ನು ಕುಕ್ಕಿಕೊಂಡು ಹಾರಿಹೋಯಿತು. ಹುಡುಗನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದು, ಒಳಗೆ ಬಂದು ಪಾಠ ಬರೆದನು.

ಅಂದು ಮಧ್ಯಾಹ್ನ ನಮ್ಮ ವಿಜ್ಞಾನದ ಅಧ್ಯಾಪಕರು ನನ್ನ ಮೇಜಿನ ಮೇಲಿದ್ದ ಆ ಬರಿಯ ಸೀಸೆಯನ್ನು ಎತ್ತಿ ನೋಡಿದರು. ಅದರ ತಳದಲ್ಲಿ ತೆಳುವಾದ ರೆಕ್ಕೆಗಳು ಉದುರಿ ಅಂಟಿಕೊಂಡಿದ್ದವು. “ಪಂಡಿತರೇ, ದುಡಿಯುವ ಗೊದ್ದಕ್ಕೆ ರೆಕ್ಕೆ ಮೂಡುವುದಿಲ್ಲ. ರೆಕ್ಕೆ ಕಳಚಿಕೊಂಡದ್ದು ರಾಣಿಯೇ. ಹುಡುಗ ಹೇಳಿದ್ದು ಸರಿ” ಎಂದರು. ನನಗೆ ಮಾತು ಹೊರಡಲಿಲ್ಲ. ನೋಡದೆ ಹೆಸರಿಟ್ಟೆ, ನೋಡಿ ಹೆಸರಿಟ್ಟವನನ್ನು ಗದರಿಸಿದೆ. ಉಪಾಧ್ಯಾಯನಾದವನಿಗೆ ಇದಕ್ಕಿಂತ ಕೆಟ್ಟ ತಪ್ಪು ಇದೆಯೆಂದು ನನಗೆ ತೋರುವುದಿಲ್ಲ.

ಅಂದಿನಿಂದ ಒಂದು ವರ್ಷ, ಆ ಅಧ್ಯಾಪಕರನ್ನು ಗುರುವಾಗಿ ಮಾಡಿಕೊಂಡು, ಭೂತಗನ್ನಡಿಯನ್ನು ಕೈಯಲ್ಲಿ ಹಿಡಿದು ಈ ವಿಷಯವನ್ನು ಕಲಿತೆ. ಕಲಿತದ್ದನ್ನು ನನಗೆ ತಿಳಿದ ಪದ್ಧತಿಯಲ್ಲಿಯೇ ನಿರೂಪಿಸುತ್ತೇನೆ.

ಬಾಲ್ಯದಲ್ಲಿ ತರ್ಕಸಂಗ್ರಹವನ್ನೂ ಅದರ ದೀಪಿಕೆಯನ್ನೂ ಓದುವಾಗ ಲಕ್ಷಣಕ್ಕೆ ಮೂರು ದೋಷಗಳುಂಟೆಂದು ನಮ್ಮ ಗುರುಗಳು ಬಾಯಿಪಾಠ ಮಾಡಿಸಿದ್ದರು. ಗೋವಿನ ಲಕ್ಷಣವನ್ನು ಹೇಳುವಾಗ ಕಪಿಲವರ್ಣವೆಂದರೆ, ಕಪಿಲವಲ್ಲದ ಗೋವುಗಳು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದೆಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಒಂಟಿಗೊರಸಿನದೆಂದರೆ ಯಾವ ಗೋವಿಗೂ ಹೊಂದುವುದಿಲ್ಲ, ಇದು ಅಸಂಭವ. ಈ ಮೂರೂ ಇಲ್ಲದ ಗುರುತೇ ಲಕ್ಷಣ. ರಾಣಿ ಇರುವೆಯ ವಿಷಯದಲ್ಲಿ ನಮ್ಮ ಜನರು ಹೇಳುವ ಮೂರು ಗುರುತುಗಳಲ್ಲಿ ಈ ಮೂರು ದೋಷಗಳೂ ಬಂದು ಕುಳಿತಿವೆ.

ಮೊದಲನೆಯದಾಗಿ, ದೊಡ್ಡದಾಗಿರುವುದೇ ರಾಣಿ ಎಂಬ ಮಾತು. ನಮ್ಮ ಮನೆಯಂಗಳದ ಕರಿ ಗೊದ್ದವನ್ನೇ ತೆಗೆದುಕೊಳ್ಳೋಣ. ವಿಜ್ಞಾನಿಗಳು ಇದನ್ನು ಕ್ಯಾಂಪೊನೋಟಸ್ ಕಂಪ್ರೆಸಸ್ ಎಂದು ಕರೆಯುತ್ತಾರೆ. 1787ರಲ್ಲಿ ಫ್ಯಾಬ್ರಿಸಿಯಸ್ ಎಂಬ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು. ಇದರ ಒಂದೇ ಗೂಡಿನ ದುಡಿಯುವ ಇರುವೆಗಳಲ್ಲಿ ಚಿಕ್ಕವೂ ಇರುತ್ತವೆ, ಭಾರಿ ತಲೆಯ ದೊಡ್ಡವೂ ಇರುತ್ತವೆ. ಆ ದಪ್ಪತಲೆಯ ಇರುವೆಯನ್ನು ಹಿಡಿದು ರಾಣಿಯೆಂದು ನಂಬುವವರೇ ಹೆಚ್ಚು. ಕುಷ್ಟಗಿ ಕಡೆಯ ಇನ್ನೊಬ್ಬ ಹುಡುಗನು ಇಂಥ ಮೂರನ್ನು ಹಿಡಿದು ‘ಮೂವರು ರಾಣಿಯರು’ ಎಂದು ಡಬ್ಬಿಯಲ್ಲಿಟ್ಟಿದ್ದನು. ಅವು ಮೊಟ್ಟೆಯಿಡಲೂ ಇಲ್ಲ, ಬಹಳ ದಿನ ಬದುಕಲೂ ಇಲ್ಲ. ಇದು ಅತಿವ್ಯಾಪ್ತಿ. ಇನ್ನು ಸಣ್ಣ ಜಾತಿಯ ಇರುವೆಗಳ ರಾಣಿಯು ಗೊದ್ದದ ಆಳಿಗಿಂತಲೂ ಕಿರಿದಾಗಿರುತ್ತದೆ. ಗಾತ್ರವನ್ನೇ ನೋಡುವವನು ಅದನ್ನು ಕಾಲಡಿಯಲ್ಲಿ ಹೊಸಕಿ ಮುಂದೆ ಹೋಗುತ್ತಾನೆ. ಇದು ಅವ್ಯಾಪ್ತಿ. ಒಂದೇ ಗುರುತಿನಲ್ಲಿ ಎರಡು ದೋಷಗಳು.

ಎರಡನೆಯದು ರೆಕ್ಕೆ. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಹುಳುಗಳನ್ನೆಲ್ಲ ನಾವು ರೆಕ್ಕೆಯಿರುವೆ ಎಂದುಬಿಡುತ್ತೇವೆ. ಅವುಗಳಲ್ಲಿ ಬಹುಪಾಲು ಈಸಲು, ಅಂದರೆ ಗೆದ್ದಲು. ಗೆದ್ದಲು ಇರುವೆಯೇ ಅಲ್ಲ. ಅದು ಜಿರಲೆಯ ಬಳಗ, ಇರುವೆಯಾದರೋ ಕಣಜ ಮತ್ತು ಜೇನಿನ ಬಳಗ. ಈಸಲಿನ ನಾಲ್ಕು ರೆಕ್ಕೆಗಳೂ ಒಂದೇ ಉದ್ದ, ನಡು ದಪ್ಪ, ಮೀಸೆ ಮಣಿ ಪೋಣಿಸಿದ ದಾರದಂತೆ ನೇರ. ಇರುವೆಯ ಮುಂದಿನ ರೆಕ್ಕೆಗಳು ಹಿಂದಿನವುಗಳಿಗಿಂತ ಉದ್ದ. ನಡು ಗಂಟು ಹಾಕಿದಂತೆ ಸಣ್ಣ. ಮೀಸೆ ಮೊಣಕೈಯಂತೆ ಬಾಗಿದ್ದು. ಈ ಮೂರನ್ನು ನೋಡಿದರೆ ಗೆದ್ದಲು ಬೇರೆ, ಇರುವೆ ಬೇರೆ ಎಂಬುದು ಮಗುವಿಗೂ ತಿಳಿಯುತ್ತದೆ. ಇರುವೆಯೇ ಎಂದು ನಿಶ್ಚಯವಾದ ಮೇಲೂ ರೆಕ್ಕೆಯುಳ್ಳದ್ದೆಲ್ಲ ರಾಣಿಯಲ್ಲ. ಗಂಡಿಗೂ ರೆಕ್ಕೆಯುಂಟು. ಗಂಡು ಸಾಮಾನ್ಯವಾಗಿ ಚಿಕ್ಕದು, ಬಳುಕು ಮೈಯದು. ಅದರ ತಲೆ ಕಿರಿದು, ಕಣ್ಣು ಹಿರಿದು. ಹಾರಾಟದಲ್ಲಿ ಕೂಡಿದ ಮೇಲೆ ಅದು ಅಲ್ಪಕಾಲದಲ್ಲಿಯೇ ಸಾಯುತ್ತದೆ. ಕೇಡುಗಾಲಕ್ಕೆ ಇರುವೆಗೆ ರೆಕ್ಕೆ ಮೂಡುತ್ತದೆಂಬ ನಮ್ಮ ಗಾದೆಯ ಮಾತು ಆ ಗಂಡಿನ ಪಾಲಿಗೆ ದಿಟ. ಹೆಣ್ಣು ರೆಕ್ಕೆಯನ್ನು ತಾನೇ ಕಳಚಿ ಎಸೆದು ನೆಲವನ್ನು ಅಗೆಯತೊಡಗುತ್ತದೆ. ಬದುಕಿ ಉಳಿದರೆ ಅದರ ಆಯುಸ್ಸು ದೀರ್ಘ. ಯುರೋಪಿನ ಕಪ್ಪು ತೋಟದಿರುವೆಯ ರಾಣಿಯೊಂದು ಸಾಕಣೆಯಲ್ಲಿ 28 ವರ್ಷಗಳಿಗೂ ಮಿಕ್ಕು ಬದುಕಿದ ದಾಖಲೆಯಿದೆ. ನಮ್ಮ ಅನೇಕ ಉಪಾಧ್ಯಾಯರ ಸೇವಾವಧಿಗೆ ಇದು ಸಮಾನ.

ಮೂರನೆಯದು, ಗೂಡನ್ನು ಆಳುವುದೇ ರಾಣಿ ಎಂಬ ಮಾತು. ಇದನ್ನು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಇದು ಅಸಂಭವ. ಯಾವ ಗೂಡಿನಲ್ಲಿಯೂ ರಾಣಿಯು ಸಿಂಹಾಸನದಲ್ಲಿ ಕುಳಿತು ಅಪ್ಪಣೆ ಕೊಡುವುದಿಲ್ಲ. ಯಾರು ಕಾಳು ತರಬೇಕು, ಯಾರು ಮರಿಗಳನ್ನು ನೋಡಿಕೊಳ್ಳಬೇಕು ಎಂಬುದನ್ನು ಅದು ಹಂಚಿಕೊಡುವುದೂ ಇಲ್ಲ. ದುಡಿಯುವ ಇರುವೆಗಳು ತಮ್ಮ ತಮ್ಮೊಳಗಿನ ಗಂಧದ ಸಂಕೇತಗಳಿಂದಲೂ ಮುಟ್ಟುವಿಕೆಯಿಂದಲೂ ಕೆಲಸವನ್ನು ನಡೆಸಿಕೊಳ್ಳುತ್ತವೆ. ರಾಣಿಯ ಕೆಲಸ ಹೆರುವುದು.

ಹಾಗಾದರೆ ದೋಷವಿಲ್ಲದ ಲಕ್ಷಣ ಯಾವುದು? ಎದೆಯನ್ನು ನೋಡಬೇಕು. ಹಾರಬೇಕಾದ ಇರುವೆಗೆ ರೆಕ್ಕೆಯನ್ನು ಬಡಿಯುವ ಸ್ನಾಯುಗಳು ಬೇಕು. ಆ ಸ್ನಾಯುಗಳಿಗೆ ಇಂಬು ಬೇಕು. ಆದುದರಿಂದ ರಾಣಿಯ ಎದೆಯ ಭಾಗ ಉಬ್ಬಿಕೊಂಡಿದ್ದು, ಹಲವು ತಗಡುಗಳನ್ನು ಜೋಡಿಸಿದಂತೆ ಗೆರೆಗಳಿಂದ ಕೂಡಿರುತ್ತದೆ. ರೆಕ್ಕೆ ಉದುರಿದ್ದರೂ ಅದು ಇದ್ದ ಸ್ಥಳದಲ್ಲಿ, ಎದೆಯ ಎರಡು ಪಕ್ಕಗಳಲ್ಲಿಯೂ, ಮುರಿದ ಗಾಯದ ಕಲೆ ಕಾಣುತ್ತದೆ. ದಪ್ಪತಲೆಯ ಗೊದ್ದದ ಎದೆಯಾದರೋ ನೀಳವಾಗಿ, ನುಣುಪಾಗಿ, ಕಮಾನಿನಂತೆ ಬಾಗಿರುತ್ತದೆ, ಅಲ್ಲಿ ಕಲೆಯಿಲ್ಲ. ಭೂತಗನ್ನಡಿ ಕೈಯಲ್ಲಿದ್ದರೆ ತಲೆಯನ್ನೂ ನೋಡಬಹುದು: ರಾಣಿಯ ನೆತ್ತಿಯ ಮೇಲೆ ಎರಡು ದೊಡ್ಡ ಕಣ್ಣುಗಳಲ್ಲದೆ ಚುಕ್ಕೆಯಂಥ ಮೂರು ಕಿರುಗಣ್ಣುಗಳಿರುತ್ತವೆ, ದುಡಿಯುವ ಗೊದ್ದಕ್ಕೆ ಅವು ಇಲ್ಲ. ಈ ಮುಕ್ಕಣ್ಣನ್ನು ಮೊದಲ ಸಲ ಕಂಡ ದಿನ ನಾನು ಎಳೆಯ ಹುಡುಗನಂತೆ ಸಂಭ್ರಮಪಟ್ಟೆನೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಈ ಲಕ್ಷಣಕ್ಕೂ ಅಪವಾದವುಂಟು. ದಕ್ಷಿಣ ಭಾರತದಲ್ಲಿ ಕಾಣಸಿಗುವ ಡಯಾಕಮ್ಮ ಎಂಬ ಇರುವೆಗೆ ರಾಣಿಯೆಂಬ ಬೇರೆ ದೇಹವೇ ಇಲ್ಲ. ದುಡಿಯುವ ಇರುವೆಗಳಲ್ಲಿಯೇ ಒಂದು ಗಂಡಿನೊಡನೆ ಕೂಡಿ ಮೊಟ್ಟೆಯಿಡುತ್ತದೆ. ಅದರ ಗೂಡಿನಲ್ಲಿ ಉಬ್ಬಿದೆದೆಯ ರಾಣಿಯನ್ನು ಹುಡುಕುವವನು ಬರಿಗೈಯಲ್ಲಿ ಹಿಂದಿರುಗಬೇಕು. ಲಕ್ಷಣವನ್ನು ಬರೆಯುವ ಮೊದಲು ಲಕ್ಷ್ಯಗಳನ್ನೆಲ್ಲ ನೋಡಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ರಾಣಿಯೆಂದು ಗುರುತಿಸಿದ ಮಾತ್ರಕ್ಕೆ ಅದು ಗಂಡಿನೊಡನೆ ಕೂಡಿದೆಯೆಂದು ಹೇಳಲಾಗದು. ರೆಕ್ಕೆ ಉದುರಿರುವುದು ಒಳ್ಳೆಯ ಸೂಚನೆ. ಆದರೆ ಕೂಡದೆಯೂ ರೆಕ್ಕೆ ಕಳೆದುಕೊಂಡವು ಇರುತ್ತವೆ. ಅಂಥವುಗಳ ಮೊಟ್ಟೆಯಿಂದ ಗಂಡುಗಳು ಮಾತ್ರ ಹುಟ್ಟುತ್ತವೆ. ದುಡಿಯುವ ಹೆಣ್ಣುಗಳು ಹುಟ್ಟುವುದಿಲ್ಲ. ಕೂಡಿದ ರಾಣಿಯಾದರೋ ಆ ಒಂದು ಹಾರಾಟದ ಕಾಲದಲ್ಲಿ ಪಡೆದ ಬೀಜವನ್ನು ತನ್ನೊಳಗೆ ಕಾಪಿಟ್ಟುಕೊಂಡು ಬದುಕಿರುವವರೆಗೂ ಬಳಸುತ್ತದೆ. ಆದಕಾರಣ ಕೊನೆಯ ಪ್ರಮಾಣ ಮೊದಲ ಮರಿಯೇ. ಅಲ್ಲಿಯವರೆಗೂ ನಮ್ಮ ನಿರ್ಣಯ ಊಹೆಯೆಂದೇ ತಿಳಿಯಬೇಕು.

ಜಾತಿಯನ್ನು ಗುರುತಿಸುವುದೂ ಅಷ್ಟೇ ಅಗತ್ಯ. ಗೊದ್ದದ ರಾಣಿಯು ನೆಲದಲ್ಲಿ ಒಂದು ಕೋಣೆಯನ್ನು ತೋಡಿ, ಬಾಗಿಲನ್ನು ಮುಚ್ಚಿಕೊಂಡು, ಮೊದಲ ಮಕ್ಕಳು ಹೊರಬರುವವರೆಗೆ ಏನನ್ನೂ ತಿನ್ನುವುದಿಲ್ಲ. ಇನ್ನು ಹಾರುವ ಅವಶ್ಯಕತೆಯಿಲ್ಲವಾದುದರಿಂದ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿ, ಅದನ್ನೇ ಮಕ್ಕಳಿಗೆ ಉಣಿಸುತ್ತದೆ. ಬೇಟೆಯಾಡುವ ಕೆಲವು ಜಾತಿಗಳ ರಾಣಿಯಾದರೋ ಹೊರಗೆ ಹೋಗಿ ಆಹಾರ ತರಲೇಬೇಕು. ಮೊದಲನೆಯದಕ್ಕೆ ಸಕ್ಕರೆ ಸುರಿದರೆ ಗೂಡಿಗೆ ಬೂಷ್ಟು ಹಿಡಿಯುತ್ತದೆ. ಎರಡನೆಯದಕ್ಕೆ ಉಪವಾಸ ಹಾಕಿದರೆ ಅದು ಸಾಯುತ್ತದೆ. ಹೆಸರು ತಪ್ಪಿದರೆ ಉಪಚಾರವೂ ತಪ್ಪುತ್ತದೆಂಬುದು ವೈದ್ಯರಿಗೆ ತಿಳಿದ ಮಾತು. ಸಾಕುವ ಉಪಕರಣವಾದರೂ ಸುಲಭ: ಗಾಜಿನ ಪ್ರನಾಳ ಒಂದು, ಅದರ ಮೂರನೆಯ ಒಂದು ಭಾಗ ನೀರು, ನೀರಿಗೆ ತಡೆಯಾಗಿ ಹತ್ತಿಯ ಬಿರಡೆ, ಆಚೆಗೆ ರಾಣಿ, ಬಾಯಿಗೆ ಇನ್ನೊಂದು ಹತ್ತಿಯ ಬಿರಡೆ. ಅದನ್ನು ಕತ್ತಲೆಯಲ್ಲಿಟ್ಟು ಮರೆತಂತಿರಬೇಕು. ದಿನವೂ ಎತ್ತಿ ನೋಡಿದರೆ ಗಾಬರಿಗೊಂಡ ರಾಣಿಯು ತನ್ನ ಮೊಟ್ಟೆಗಳನ್ನೇ ತಿಂದುಬಿಡುವುದುಂಟು. ತಾಳ್ಮೆಯನ್ನು ಕಲಿಸುವುದಕ್ಕೆ ಇದಕ್ಕಿಂತ ಅಗ್ಗದ ಉಪಕರಣವು ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

ಹೀಗೆ ಹೆತ್ತು, ತನ್ನ ಮೈಯನ್ನೇ ಕರಗಿಸಿ ಉಣಿಸುವ ಪ್ರಾಣಿಗೆ ರಾಣಿ ಎಂಬ ಹೆಸರು ನನಗೆ ಒಪ್ಪಿಗೆಯಾಗುವುದಿಲ್ಲ. ತಾಯಿರುವೆ ಎಂದರೆ ಸಾಕು. ಇದು ನನ್ನ ಹೊಸ ಕಲ್ಪನೆಯೇನೂ ಅಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿರುವುದು ನಮ್ಮೆಲ್ಲರ ಹೆಮ್ಮೆ. 1931ರಲ್ಲಿ ಅವು ವಿದ್ವಾಂಸರ ಗಮನಕ್ಕೆ ಬಂದವು. ಅದೇ ಅರಸನು ತನ್ನ ಪಟ್ಟಾಭಿಷೇಕದ 26ನೆಯ ವರ್ಷದಲ್ಲಿ ಕೊಲ್ಲಬಾರದ ಪ್ರಾಣಿಗಳ ಒಂದು ಪಟ್ಟಿಯನ್ನು ಕೆತ್ತಿಸಿದನು. ಅದು ನಮ್ಮ ಕೊಪ್ಪಳದ ಶಾಸನಗಳಲ್ಲಿಲ್ಲ. ಉತ್ತರ ಭಾರತದ ಕಂಬಗಳ ಮೇಲಿರುವ ಐದನೆಯ ಸ್ತಂಭಶಾಸನದಲ್ಲಿದೆ. ಗಿಳಿ, ಗೊರವಂಕ, ಹಂಸ, ಬಾವಲಿಗಳ ಸಾಲಿನಲ್ಲಿ ಅಲ್ಲಿ ‘ಅಂಬಾಕಪೀಲಿಕಾ’ ಎಂಬ ಶಬ್ದವೂ ಇದೆ. ಕಪೀಲಿಕಾ ಎಂದರೆ ಪಿಪೀಲಿಕಾ, ಇರುವೆ. ಅಂಬಾ ಎಂದರೆ ತಾಯಿ. ರಾಣಿ ಇರುವೆಯೆಂದು ಅನೇಕ ವಿದ್ವಾಂಸರು ಇದಕ್ಕೆ ಅರ್ಥ ಹೇಳಿದ್ದಾರೆ.

ಇಲ್ಲಿಯೂ ನಾನು ಎಚ್ಚರಿಕೆಯಿಂದ ನಡೆಯಬೇಕು, ಒಮ್ಮೆ ಮುಗ್ಗರಿಸಿದವನು. ಪ್ರಾಕೃತದಲ್ಲಿ ‘ಅಂಬ’ ಎಂದರೆ ಮಾವು ಎಂಬ ಅರ್ಥವೂ ಉಂಟು. ಹಾಗೆ ಹಿಡಿದರೆ ಅದು ಮಾವಿನ ಮರದ ಇರುವೆ. ಮಲೆನಾಡಿನವರು ಚಗಳಿ ಎನ್ನುವ, ಹಸಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಯೂ ಆಗಬಹುದು. ಶಬ್ದವನ್ನು ಗುರುತಿಸುವುದಕ್ಕೂ ಪ್ರಾಣಿಯನ್ನು ಗುರುತಿಸುವುದಕ್ಕೂ ಬೇಕಾದ ಶ್ರದ್ಧೆ ಒಂದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ಯಾವ ಅರ್ಥವನ್ನು ಹಿಡಿದರೂ ಒಂದು ಮಾತು ನಿಶ್ಚಿತ: ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ಇರುವೆ ಇರುವೆಗಳೊಳಗೆ ಭೇದವನ್ನು ಕಂಡವರಿದ್ದರು, ಕಂಡು, ಒಂದು ಬಗೆಯನ್ನು ಕೊಲ್ಲಬಾರದೆಂದು ಕಲ್ಲಿನಲ್ಲಿ ಬರೆಯಿಸಿದವರಿದ್ದರು.

ಇಂದು ಆ ಮಾತು ಮತ್ತೆ ನೆನಪಿಗೆ ಬರಲು ಕಾರಣವಿದೆ. ಇರುವೆಗಳನ್ನು ಮನೆಯಲ್ಲಿ ಸಾಕುವ ಹವ್ಯಾಸವು ಹೊರದೇಶಗಳಲ್ಲಿ ಬಲವಾಗಿ ಬೆಳೆದಿದೆ. ಅದರೊಡನೆ ವ್ಯಾಪಾರವೂ ಬೆಳೆದಿದೆ. 2025ರಲ್ಲಿ ಆಫ್ರಿಕದ ಕೆನ್ಯಾ ದೇಶದಲ್ಲಿ, ಬೆಲ್ಜಿಯಂ ದೇಶದ 19 ವರ್ಷದ ಇಬ್ಬರು ತರುಣರು ಸುಮಾರು 5,000 ಇರುವೆಗಳೊಡನೆ ಸಿಕ್ಕಿಬಿದ್ದರು. ಅವುಗಳಲ್ಲಿ ಬಹುಪಾಲು ಕಾಳು ಕೂಡಿಡುವ ಇರುವೆಗಳ ರಾಣಿಯರು. ಅವು ಇದ್ದದ್ದು ಹತ್ತಿ ತುರುಕಿದ ಗಾಜಿನ ಪ್ರನಾಳಗಳಲ್ಲಿ. ನಾನು ಈಗ ತಾನೆ ವರ್ಣಿಸಿದ ಉಪಕರಣವೇ ಅದು. ಇದೇ ಬಗೆಯ ಬೇರೊಂದು ಪ್ರಕರಣದ ಇಬ್ಬರನ್ನೂ ಸೇರಿಸಿ, ನಾಲ್ವರಿಗೂ ಆ ವರ್ಷದ ಮೇ ತಿಂಗಳಿನಲ್ಲಿ ನ್ಯಾಯಾಲಯವು ತಲಾ ಹತ್ತು ಲಕ್ಷ ಕೆನ್ಯಾ ಶಿಲಿಂಗು ದಂಡ ಅಥವಾ ಒಂದು ವರ್ಷದ ಸೆರೆಮನೆವಾಸವನ್ನು ವಿಧಿಸಿತು. ಒಂದೊಂದು ತಾಯಿರುವೆಯೂ ಮುಂದೆ ಆಗಬಹುದಾದ ಒಂದೊಂದು ಊರು. 5,000 ತಾಯಂದಿರನ್ನು ಒಯ್ದರೆ ಅಷ್ಟು ಊರುಗಳ ಬೀಜವನ್ನೇ ಒಯ್ದಂತೆ. ಒಯ್ದಲ್ಲಿ ಅವು ಹರಡಿದರೆ ಇನ್ನೊಂದು ಕೇಡು. ಅಮೆರಿಕ ಖಂಡದಿಂದ ಬಂದು ನಮ್ಮ ದೇಶದಲ್ಲಿಯೂ ನೆಲೆಯೂರಿರುವ ಬೆಂಕಿಯಿರುವೆಯ ಉರಿಯನ್ನು ಹೊಲದಲ್ಲಿ ಬರಿಗಾಲಿನಲ್ಲಿ ನಡೆದವರು ಬಲ್ಲರು.

ಹಾಗಾದರೆ ಮಕ್ಕಳ ಕೈಗೆ ಈ ವಿದ್ಯೆಯನ್ನು ಕೊಡಬಾರದೇ? ಶ್ರೀಮಠದ ಶಾಲೆಯಲ್ಲಿ ಜೀವಿಯನ್ನು ಗಾಜಿನಲ್ಲಿ ಕೂಡಿಹಾಕುವುದು ತಗದೆಂದು ಕೆಲವು ಸಹೋದ್ಯೋಗಿಗಳು ನನ್ನೊಡನೆ ವಾದಿಸಿದ್ದಾರೆ. ಅವರ ಮಾತಿನಲ್ಲಿ ಸತ್ತ್ವವಿದೆ. ಆದರೆ ಅಂದು ಆ ಇರುವೆಯನ್ನು ಕೊಂದದ್ದು ಹುಡುಗನ ಕುತೂಹಲವಲ್ಲ, ನನ್ನ ಅಜ್ಞಾನ. ಕೊಪ್ಪಳದ ಬಂಡೆಗಳ ಸಂದು, ಗಂಗಾವತಿಯ ಗದ್ದೆಯ ಬದು, ಕುಷ್ಟಗಿ ಯಲಬುರ್ಗಾಗಳ ಎರೆಹೊಲದ ಕಣ, ಇಷ್ಟು ಬಗೆಯ ನೆಲದಿಂದ ನಮ್ಮ ಮಕ್ಕಳು ಬರುತ್ತಾರೆ. ಕಾಳು ಹೊರುವ ಇರುವೆಯ ಗೂಡಿನ ಬಾಯಿಗೆ ಹೊಟ್ಟಿನ ಬಳೆ ಬಿದ್ದಿರುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ಆ ಕಾಣ್ಕೆಯನ್ನು ನಾವು ಶಾಲೆಯ ಬಾಗಿಲಿನಲ್ಲಿಯೇ ತಡೆದು ನಿಲ್ಲಿಸುತ್ತಿದ್ದೇವೆ. ಜೆರ್ಡನ್ ಎಂಬುವನು 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಬರೆದನು. ಬಿಂಗ್‌ಹ್ಯಾಮ್ ಎಂಬುವನು 1903ರಲ್ಲಿ ಈ ದೇಶದ ಇರುವೆಗಳ ದೊಡ್ಡ ಗ್ರಂಥವನ್ನು ರಚಿಸಿದನು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಮುಸ್ತಾಕ್ ಅಲಿಯವರು ಕರ್ನಾಟಕದ ಇರುವೆಗಳನ್ನು ಪಟ್ಟಿಮಾಡಿದರು. ಇವೆಲ್ಲವೂ ಇಂಗ್ಲಿಷಿನಲ್ಲಿವೆ. ಗೊದ್ದ, ಚಗಳಿ ಮೊದಲಾದ ನಮ್ಮ ಹೆಸರುಗಳು ಮಕ್ಕಳ ನಾಲಗೆಯ ಮೇಲಿವೆ. ಎರಡನ್ನೂ ಒಂದೆಡೆ ಕೂಡಿಸುವುದು ಕನ್ನಡ ಪಂಡಿತನ ಕೆಲಸವೂ ಹೌದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಮೊದಲು ಗುರುತಿಸಲಿ, ಆಮೇಲೆ ಹಿಡಿಯಲಿ. ತರಗತಿಗೆ ಒಂದೇ ತಾಯಿರುವೆ. ಅದೂ ಹಾರಾಟ ಮುಗಿದು ದಾರಿಯಲ್ಲಿ ಬಿದ್ದುದು. ಹಾಗೆ ಬಿದ್ದವುಗಳಲ್ಲಿ ಬಹುಪಾಲು ಹಕ್ಕಿಗೂ ಹಲ್ಲಿಗೂ ಬೇರೆ ಇರುವೆಗಳಿಗೂ ತುತ್ತಾಗುವುದರಿಂದ, ಒಂದನ್ನು ಎತ್ತಿಕೊಂಡರೆ ನೆಲಕ್ಕೆ ನಷ್ಟವಿಲ್ಲ. ಗೂಡನ್ನು ಅಗೆದು ತಾಯಿಯನ್ನು ಕೀಳುವುದು ಬೇಡ. ಅಗೆದ ಗೂಡು ಅನಾಥ. ಹಣಕ್ಕೆ ಕೊಡುವುದೂ ಕೊಳ್ಳುವುದೂ ಬೇಡ. ಒಂದು ತಾಲ್ಲೂಕಿನದನ್ನು ಇನ್ನೊಂದರಲ್ಲಿ ಬಿಡುವುದೂ ಬೇಡ. ಮೊದಲ ಮಕ್ಕಳನ್ನು ಕಂಡು, ಬರೆದು, ಚಿತ್ರಿಸಿ, ಮಳೆಗಾಲ ಮುಗಿಯುವುದರೊಳಗೆ ಎತ್ತಿದ ಸ್ಥಳದಲ್ಲಿಯೇ, ಸಂಜೆಯ ತಂಪಿನಲ್ಲಿ, ಹಸಿ ನೆಲಕ್ಕೆ ಬಿಡಲಿ.

ಈ ವರ್ಷ ಹಾಗೆಯೇ ಮಾಡಿದೆವು. ಅದೇ ಹುಡುಗನು, ಈಗ ಒಂಬತ್ತನೆಯ ತರಗತಿಯವನು, ಮಳೆ ಬಿದ್ದ ಮರುದಿನ ಆಟದ ಬಯಲಿನ ಬೇವಿನ ಬುಡದಲ್ಲಿ ಒಂದನ್ನು ಕಂಡು ನನ್ನನ್ನು ಕರೆದನು. ಹಿಡಿಯಲಿಲ್ಲ, ಕರೆದನು. ಇಬ್ಬರೂ ನೆಲಕ್ಕೆ ಬಾಗಿ ನೋಡಿದೆವು. ಎದೆ ಉಬ್ಬಿತ್ತು, ಕಲೆ ಇತ್ತು. “ಏನನ್ನತೀರಿ ಗುರುಗಳ?” ಎಂದನು. “ನೀನೇ ಹೇಳು” ಎಂದೆ. ಐದು ವಾರಗಳ ಬಳಿಕ ಪ್ರನಾಳದಲ್ಲಿ ನಾಲ್ಕು ಸಣ್ಣ ಇರುವೆಗಳು ಓಡಾಡಿದವು. ಅವನ ನಿರ್ಣಯ ಊಹೆಯ ಮಟ್ಟವನ್ನು ದಾಟಿ ಪ್ರತ್ಯಕ್ಷವಾಯಿತು. ಬೇವಿನ ಬುಡದಲ್ಲಿಯೇ ತಾಯಿಯನ್ನೂ ಮಕ್ಕಳನ್ನೂ ಬಿಟ್ಟೆವು. ಹೋದ ವರ್ಷದ್ದಕ್ಕೆ ನಾನು ಅವನ ಕ್ಷಮೆ ಕೇಳಿದ್ದು ಆ ಸಂಜೆಯೇ. ಅವನು ತಲೆ ತಗ್ಗಿಸಿ, “ಇರಲಿ ಬಿಡ್ರಿ” ಎಂದನು.

ಈ ಸಂಚಿಕೆಯನ್ನು ಓದುವ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹ. ಕಟ್ಟಡಕ್ಕೂ ದಾಸೋಹಕ್ಕೂ ತಾವು ಉದಾರವಾಗಿ ಕೊಟ್ಟಿದ್ದೀರಿ. ಶಾಲೆ ಅದನ್ನು ಮರೆತಿಲ್ಲ. ಮುಂದಿನ ಮಿರಗದ ಮಳೆಗೆ ಮೊದಲು ತರಗತಿಗೆ ಹತ್ತರಂತೆ ಭೂತಗನ್ನಡಿಗಳನ್ನು ಕೊಡಿಸಿದರೆ ಸಾಕು. ಅವುಗಳಲ್ಲಿ ಒಂದನ್ನು ಅಧ್ಯಾಪಕರ ಕೊಠಡಿಯಲ್ಲಿ ನನ್ನ ಮೇಜಿನ ಮೇಲೆ ಇಡುವಂತೆ ಮುಖ್ಯೋಪಾಧ್ಯಾಯರನ್ನು ಈಗಲೇ ಕೇಳಿಕೊಂಡಿದ್ದೇನೆ.